ಖಾಲಿ ವಿಮಾನದ ಗಂಟೆಗಳು

ನಾನು ನಿಂತಿದ್ದ ಜಾಗ ಇದು: ಮುಧೋಳದಿಂದ ಲೋಕಾಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಒಂದು ಸಕ್ಕರೆ ಕಾರ್ಖಾನೆಯ ಖಾಸಗಿ ರನ್‌ವೇಯ ಪೂರ್ವದ ತುದಿ, ಡಾಂಬರು ಮುಗಿದು ಕರಿಮಣ್ಣು ಶುರುವಾಗುವಲ್ಲಿ. 2008ರ ಜನವರಿ, ಕಬ್ಬು ಕಡಿಯುವ ಹಂಗಾಮು. ಬೆಳಿಗ್ಗೆ ಏಳೂ ಇಪ್ಪತ್ತು. ಕೈಯಲ್ಲಿ ವಿಮಾನದೊಡನೆ ಮಾತಾಡುವ ಬ್ಯಾಟರಿಯ ರೇಡಿಯೊ ಇತ್ತು, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ರೇಡಿಯೊ ಕೆಟ್ಟಿತ್ತೇ ಎಂದು ಆಮೇಲೆ ಕೆಲವರು ಕೇಳಿದರು, ನಾನು ಒಂದೆರಡು ಸಲ ಹೌದು ಎಂದಿದ್ದೇನೆ.

ನಾನು ಜಮಖಂಡಿಯವನು. ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಆ ಕಾರ್ಖಾನೆಯ ಮಾಲಕರ ಆರು ಸೀಟಿನ, ಎರಡು ಎಂಜಿನ್ನಿನ ವಿಮಾನಕ್ಕೆ 1997ರಿಂದ ಕ್ಯಾಪ್ಟನ್ ಆಗಿದ್ದೆ. ನನ್ನ ಕೈಕೆಳಗೆ ಕೋ-ಪೈಲಟ್ ಆಗಿ ಬಂದವಳು ರಬಕವಿಯ ನೇಕಾರರ ಮನೆಯ ಹುಡುಗಿ, ಇಪ್ಪತ್ತಾರರವಳು. ಮಗ್ಗದ ಸದ್ದಿನಲ್ಲಿ ಬೆಳೆದದ್ದರಿಂದಲೋ ಏನೋ, ಎಂಜಿನ್ನಿನ ಸದ್ದಿನಲ್ಲಿ ಚೂರು ವ್ಯತ್ಯಾಸವಾದರೂ ನನಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ, ದೊಡ್ಡ ಕಂಪನಿಯ ಜೆಟ್ಟಿನಲ್ಲಿ ಕೆಲಸ.

ಅದಕ್ಕೆ ಹಾರಾಟದ ಗಂಟೆಗಳು ಬೇಕು. ಪಕ್ಕದ ಸೀಟಿನಲ್ಲಿ ಕೂತ ಗಂಟೆಗಳಿಗೆ ದೊಡ್ಡ ಕಂಪನಿಯವರು ಹೆಚ್ಚು ಬೆಲೆ ಕೊಡುವುದಿಲ್ಲ, ತಾನೇ ಕ್ಯಾಪ್ಟನ್ ಆಗಿ ಹಾರಿಸಿದ ಗಂಟೆಗಳನ್ನು ನೋಡುತ್ತಾರೆ. ಸಣ್ಣ ವಿಮಾನದಲ್ಲಿ ಕೋ-ಪೈಲಟ್‌ಗೆ ಅವು ಸಿಗುವ ದಾರಿ ಒಂದೇ. ಮಾಲಕರು ಒಳಗಿದ್ದಾಗ ಇಬ್ಬರು ಪೈಲಟ್ ಇರಬೇಕೆಂಬುದು ನಮ್ಮ ಕಾರ್ಖಾನೆಯ ನಿಯಮವಾಗಿತ್ತು. ಅವರನ್ನು ಇಳಿಸಿ ಖಾಲಿ ವಿಮಾನ ತರುವಾಗ ಒಬ್ಬರೇ ಸಾಕು. ಕೆಲವು ಕ್ಯಾಪ್ಟನ್ನರು ತಾವೂ ಕೂತು ನಿದ್ದೆ ಹೊಡೆದು, ಗಂಟೆಗಳನ್ನು ಹುಡುಗರ ಲಾಗ್‌ಬುಕ್ಕಿಗೆ, ಹಾರಾಟದ ಲೆಕ್ಕದ ಪುಸ್ತಕಕ್ಕೆ, ಬರೆಸುತ್ತಿದ್ದರು. ಅದು ಸುಳ್ಳು. ನಾನು ಹಾಗೆ ಮಾಡಲಿಲ್ಲ, ಇಳಿದೇಬಿಡುತ್ತಿದ್ದೆ. ಖಾಲಿ ವಿಮಾನವನ್ನು ಅವಳೊಬ್ಬಳೇ ತರುತ್ತಿದ್ದಳು. ಇದರ ಬಗ್ಗೆ ನನಗೆ ಹೆಮ್ಮೆಯಿತ್ತು.

ಕಾರ್ಖಾನೆಯ ಜೀಪಿನಲ್ಲಿ ಹೋಗುವಾಗಲೆಲ್ಲ ಅವಳು ಕೇಳುತ್ತಿದ್ದಳು.

“ಸರ್, ದೊಡ್ಡ ಕಂಪನ್ಯಾಗ ಏನೇನ್ ನೋಡ್ತಾರ್ರಿ?”

“ಪುಸ್ತಕ ನೋಡ್ತಾರವಾ. ಅವತ್ತಿಂದು ಅವತ್ತ ಬರಿ. ಖಾಲಿ ವಿಮಾನ ಅಂದ್ರ ಒಲ್ಲೆ ಅನಬ್ಯಾಡ. ಮತ್ತ ಪುಸ್ತಕದಾಗ ಇಳೀಲಾರದ ವಾಪಸ್ ಹ್ವಾದದ್ದು, ಬ್ಯಾರೆ ಊರಾಗ ಇಳದದ್ದು ಕಾಣಬಾರದು. ಹೇಳಿದ ಟೈಮಿಗೆ ಹೇಳಿದಲ್ಲಿ ಇಳದಿರಬೇಕು.”

“ನೀವು ಎರಡು ಸಲ ಇಂಟರ್‌ವ್ಯೂಕ್ಕ ಹೋಗಿ ಎರಡೂ ಸಲ ಫೇಲಾಗಿ ಬಂದೀರಿ. ನನಗ ಟ್ಯೂಷನ್ ಕೊಡಾಕತ್ತೀರಲ್ರಿ.”

ಜೀಪಿನ ಡ್ರೈವರ್ ನಕ್ಕ. ನಾನೂ ನಕ್ಕೆ. ಅವಳು ಹೇಳಿದ್ದು ಖರೆ. ಎರಡು ಸಲವೂ ಯಾಕೆ ಬೇಡವಾದೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿಯದ್ದನ್ನೇ ಅವಳಿಗೆ ಕಲಿಸುತ್ತಿದ್ದೆ.

ಆ ಜನವರಿಯಲ್ಲಿ ಒಂದು ದೊಡ್ಡ ಕಂಪನಿ ಅರ್ಜಿ ಕರೆದಿತ್ತು. ಕೊನೆಯ ದಿನ ಹತ್ತಿರವಿತ್ತು, ಅವಳಿಗೆ ಕೆಲವೇ ಗಂಟೆ ಕಡಿಮೆ. ಎಂಜಿನ್ ತಪಾಸಣೆಗೆ ಪುಣೆಗೆ ಹೋಗಿದ್ದ ವಿಮಾನವನ್ನು ವಾಪಸು ತರುವ ಕೆಲಸವನ್ನು ನಾನೇ ಅವಳಿಗೆ ಕೊಡಿಸಿದೆ. ಅವತ್ತು ಬೆಳಿಗ್ಗೆ ಎಂಟಕ್ಕೆ ಮಾಲಕರು ಅದರಲ್ಲೇ ಮುಂಬೈಗೆ ಹೊರಡಬೇಕಿತ್ತು.

ರನ್‌ವೇ ಮೇಲೆ ಅವತ್ತು ನನ್ನ ಜೊತೆ ಇದ್ದವನು ಕಾವಲಿನ ಕುರುಬರ ಮುದುಕ, ಬೀರೇಶ್ವರನ ಭಕ್ತ. ವಿಮಾನ ಬರುವ ಮೊದಲು ಕುರಿಗಳನ್ನು ರನ್‌ವೇಯಿಂದ ಆಚೆ ಅಟ್ಟಲು ಕಾರ್ಖಾನೆಯವರು ಅವನಿಗೇ ಪಗಾರ ಕೊಡುತ್ತಿದ್ದರು, ಯಾಕೆಂದರೆ ಕುರಿಗಳೂ ಅವನವೇ. “ಇಮಾನಕ್ಕೊಂದು ಹಾರ್ನ್ ಕೂಡಸ್ರಿ ಸಾಹೇಬ್ರ, ನಾ ಮನ್ಯಾಗ ಮಲಗತೇನಿ,” ಎನ್ನುತ್ತಿದ್ದ. ಸ್ವಲ್ಪ ದೂರದಲ್ಲಿ ಬೆಂಕಿ ಆರಿಸುವ ಗಾಡಿಯ ಡ್ರೈವರ್ ಬೀಡಿ ಸೇದುತ್ತಿದ್ದ.

ಹಿಂದಿನ ಸಂಜೆ ಸುತ್ತಲಿನವರು ಕಬ್ಬು ಕಡಿದ ಹೊಲಗಳಲ್ಲಿ ರವದಿ ಸುಟ್ಟಿದ್ದರು. ಒಣ ಎಲೆಯ ಆ ಹೊಗೆ ಮೇಲೇಳದೆ, ಘಟಪ್ರಭೆಯ ಕಡೆಯಿಂದ ಬಂದ ಮಂಜಿನೊಡನೆ ಸೇರಿ ನೆಲಕ್ಕೆ ಹಾಸಿತ್ತು. ತಲೆಯೆತ್ತಿದರೆ ನೀಲಿ ಆಕಾಶ. ನೇರ ನೋಡಿದರೆ ರನ್‌ವೇಯ ಅರ್ಧವೂ ಕಾಣುತ್ತಿರಲಿಲ್ಲ.

ಏಳೂ ಇಪ್ಪತ್ತಕ್ಕೆ ಅವಳು ನಮ್ಮ ತಲೆಯ ಮೇಲೆ ಬಂದಳು.

“ಸರ್, ರನ್‌ವೇ ಛಲೋ ಕಾಣತೈತ್ರಿ. ಇಳೀತೇನಿ.”

ಇಂಥ ಹೊಗೆ ಮಾಡುವ ಮೋಸ ಇದೇ. ನೇರ ಮೇಲಿನಿಂದ ನೋಡಿದರೆ ಅದು ತೆಳು ಸೀರೆಯಂತೆ, ಕೆಳಗಿನದೆಲ್ಲ ಕಾಣುತ್ತದೆ. ಇಳಿಯಲು ದೂರ ಹೋಗಿ ಓರೆಯಾಗಿ ಬಂದಾಗ ಅದೇ ಹೊಗೆ ಗೋಡೆಯಾಗುತ್ತದೆ. ನನಗೆ ಇದು ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಬೆಳಗಾವಿಯ ವಿಮಾನ ನಿಲ್ದಾಣ ಅರ್ಧ ಗಂಟೆಯೊಳಗಿನ ದಾರಿ, ಇಂಧನವೂ ಇತ್ತು. ‘ಬೆಳಗಾವಿಗೆ ಹೋಗು’ ಎಂದರೆ ಆಗುತ್ತಿತ್ತು.

ನಾನು ಹೇಳಲಿಲ್ಲ. ಮಾಲಕರ ಕಾರು ಬರುವ ಹೊತ್ತಾಗಿತ್ತು. ಬೆಳಗಾವಿಗೆ ಹೋದರೆ ಅವಳ ಪುಸ್ತಕದಲ್ಲಿ ಬೇರೆ ಊರಿನ ಹೆಸರು ಬರುತ್ತಿತ್ತು. ಇವೆರಡಕ್ಕಿಂತ ಕೆಟ್ಟ ಕಾರಣ ಇನ್ನೊಂದಿತ್ತು: ನಾನು ಬೇಡ ಎಂದರೆ, ಒಬ್ಬಳನ್ನೇ ಕಳಿಸಿದ್ದು ಯಾಕೆ ಎಂದು ನನ್ನನ್ನು ಕೇಳುತ್ತಿದ್ದರು. ರೇಡಿಯೊದ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ನಿಂತೆ. ಒತ್ತಲಿಲ್ಲ.

ಮೊದಲ ಸಲ ಪಶ್ಚಿಮದಿಂದ ಸದ್ದು ಬಂತು, ಜೋರಾಯಿತು, ಹೊಗೆಯ ಮೇಲಿನಿಂದಲೇ ದಾಟಿ ಹೋಯಿತು. “ಕಾಣಲಿಲ್ರಿ. ಮತ್ತೊಮ್ಮಿ ಬರ್ತೇನಿ,” ಎಂದಳು. ದನಿ ಸರಿಯಾಗೇ ಇತ್ತು. ಆಗಲೂ ನಾನು ಸುಮ್ಮನಿದ್ದೆ.

ಎರಡನೇ ಸಲ ಸದ್ದು ತಪ್ಪು ಕಡೆಯಿಂದ ಬಂತು. ನಾನು ಪಶ್ಚಿಮಕ್ಕೆ ಮುಖ ಮಾಡಿದ್ದೆ, ಅದು ನನ್ನ ಬಲಕ್ಕೆ, ಇನ್ನೂ ಕಡಿಯದ ಕಬ್ಬಿನ ಮೇಲಿತ್ತು. ಅಲ್ಲಿ ರನ್‌ವೇ ಇಲ್ಲ. ಅಲ್ಲಿರುವುದು ಕಾರ್ಖಾನೆಯ ವಿದ್ಯುತ್ ತಂತಿಯ ಕಂಬಗಳು. ಹೊಗೆಯೊಳಗಿಂದ ಮೊದಲು ಎರಡು ಗಾಲಿ ಕಂಡವು, ಆಮೇಲೆ ಹೊಟ್ಟೆ. ಕಬ್ಬಿನ ತುದಿಗಳು ಆ ಗಾಳಿಗೆ ಸಾಲಾಗಿ ಬಾಗಿದವು. ಕುರಿಗಳು ಚದುರಿ ಓಡಿದವು. ಡ್ರೈವರ್ ಬೀಡಿ ಎಸೆದು ಗಾಡಿ ಹತ್ತಿದ, ಗಾಡಿ ಶುರುವಾಗಲಿಲ್ಲ. ನಾನು ಮಾಡಿದ್ದು ಒಂದೇ, ಕಣ್ಣು ಮುಚ್ಚಿದೆ. ಎಂಜಿನ್ನುಗಳು ಕಿರುಚಿದ್ದು ಕೇಳಿತು. ಕಣ್ಣು ತೆರೆದಾಗ ತಂತಿ ಇತ್ತು, ವಿಮಾನ ಅದರ ಆಚೆ ಮೇಲಕ್ಕೆ ಹೋಗುತ್ತಿತ್ತು. ನಡುವಿನ ಅಂತರ ಎಷ್ಟಿತ್ತೆಂದು ಆ ಮುದುಕ ನೋಡಿದ್ದಾನೆ, ನಾನು ನೋಡಿಲ್ಲ.

ಮುದುಕ ನನ್ನ ಮುಂದೆ ಬಂದು ನಿಂತ. “ಬಾಯಿಗೆ ಏನಾಗೈತ್ರಿ ನಿಮಗ? ಆ ಹುಡುಗಿಗಿ ಹೋಗಂತ ಹೇಳ್ರಿ.”

ಆಗ ಗುಂಡಿ ಒತ್ತಿದೆ. ನನ್ನ ದನಿ ಬರಲಿಲ್ಲ. ಕೈಬಿಟ್ಟ ಕೂಡಲೇ ಅವಳ ಮಾತು ಬಂತು.

“ಸರ್, ನಾ ಬೆಳಗಾವಿಗೆ ಹೊಂಟೇನ್ರಿ.”

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ.

ಇಳಿದ ಮೇಲೆ ಫೋನು ಮಾಡಿದಳು. “ಎಂಜಿನ್ ಬಂದ್ ಮಾಡೇನ್ರಿ ಸರ್, ಇನ್ನೂ ಸೀಟಿನ್ಯಾಗ ಕುಂತೇನಿ.” ನಾನು ಆಗ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: “ಪುಣೆಯಿಂದ ಬೆಳಗಾವಿಗೆ ಅಂತ ಅಷ್ಟ ಬರಿ. ಉಳಿದದ್ದು ಬರಿಬ್ಯಾಡ.” ಅವಳು ಫೋನು ಇಟ್ಟಳು. ಎರಡು ದಿನ ಬಿಟ್ಟು ಪುಸ್ತಕ ನನ್ನ ಸಹಿಗೆ ಬಂದಾಗ ಎಲ್ಲ ಬರೆದಿತ್ತು: ಹೊಗೆ, ಎರಡು ಸಲ ಪ್ರಯತ್ನ, ಬೆಳಗಾವಿ. ಸಹಿ ಹಾಕಿದೆ.

ಅರ್ಜಿ ಹೋಯಿತು, ಸಂದರ್ಶನಕ್ಕೆ ಕರೆ ಬಂತು. ಹೋಗಿ ಬಂದ ದಿನ ಬನಹಟ್ಟಿಯ ಬಸ್ ನಿಲ್ದಾಣದ ಹೊರಗೆ ಚಹಾ ಕುಡಿಯುತ್ತ ಹೇಳಿದಳು.

“ಅವರು ಬೆಳಗಾವಿ ಪುಟಾನ ತಗದ್ರು ಸರ್. ವಾಪಸ್ ಹ್ವಾದದ್ದು ಛಲೋ ಆತು ಅಂದ್ರು. ವಾಪಸ್ ಹೋಗೂದ ತಿಳೀದವ್ರನ್ನ ತಗೊಳ್ಳಾಂಗಿಲ್ಲಂತ ಅವರು.”

“ಮತ್ತ?”

“ಎರಡನೇ ಸಲ ಇಳಿಯಾಕ ಯಾಕ ನೋಡಿದಿ ಅಂತ ಕೇಳಿದ್ರು.”

“ಏನಂದಿ?”

ಅವಳು ಬಶಿಯಲ್ಲಿ ಉಳಿದ ಚಹಾ ನೋಡಿದಳು. “ಕೆಳಗ ನಮ್ಮ ಕ್ಯಾಪ್ಟನ್ ಇದ್ರು, ಬ್ಯಾಡ ಅಂದಿರಲಿಲ್ಲ ಅಂದ್ನಿ. ಮುನ್ನೂರು ಮಂದಿನ್ನ ಹಿಂದ ಕೂಡಿಸ್ಕೊಂಡಾಗೂ ಕೆಳಗಿನವರು ಸುಮ್ನಿದ್ರ ಇಳೀತಿಯೇನು ಅಂದ್ರು. ಮುಂದಿನ ವರ್ಷ ಬಾ ಅಂದ್ರು.”

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಮುಂದಿನ ವರ್ಷ ಹೋದಳು, ತೆಗೆದುಕೊಂಡರು.

ಈಗಲೂ ಬಿಳಗಿ, ಜಮಖಂಡಿ ಕಡೆಯ ಹುಡುಗರು ಫೋನು ಮಾಡಿ ದೊಡ್ಡ ಕಂಪನಿಗೆ ಹೋಗಲು ಏನು ಮಾಡಬೇಕು ಎಂದು ಕೇಳುತ್ತಾರೆ. ಗಂಟೆಗಳ ಮಾತು ಆಡುವ ಮೊದಲು, ಯಾವಾಗಲಾದರೂ ಇಳಿಯದೆ ವಾಪಸು ಹೋಗಿದ್ದೀರಾ ಎಂದು ಕೇಳುತ್ತೇನೆ. ಇಲ್ಲ ಎಂದರೆ, ವಾಪಸು ಹೋಗಲು ಯಾರ ಮಾತಿಗೂ ಕಾಯಬೇಡಿ, ನನ್ನದಕ್ಕೂ, ಎನ್ನುತ್ತೇನೆ. ಫೋನು ಇಟ್ಟ ಮೇಲೆ, ಹೇಳಿದ್ದು ಸಾಕಾಯಿತೋ ಇಲ್ಲವೋ ಎಂದು ಮತ್ತೆ ಫೋನು ಮಾಡಿದ್ದೂ ಉಂಟು.

ಇದನ್ನು ನಾನು ತಿದ್ದಿ ಬರೆದಿದ್ದೇನೆಂದು ಅನ್ನಿಸಿದರೆ ಕೇಳಲು ಜನ ಇದ್ದಾರೆ. ಬೆಂಕಿ ಗಾಡಿಯ ಡ್ರೈವರ್ ತೀರಿಕೊಂಡ. ಕುರುಬರ ಮುದುಕ ಇದ್ದಾನೆ, ಬಿಳಗಿ ಹತ್ತಿರ ಮಗಳ ಊರಿನಲ್ಲಿ, ಕಣ್ಣು ಇನ್ನೂ ಚುರುಕಾಗಿದೆ. ಮೇಲಿನಿಂದ ನೋಡಿದವಳೂ ಇದ್ದಾಳೆ.