ಆಂಡರ್ಸನ್‌ಪೇಟೆಯ ಕರೆಂಟು ಪೆಟ್ಟಿಗೆ

ನನ್ನ ಹೊಟ್ಟೆ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಎದ್ದಾಗ ಬೆನ್ನಿಗಂಟಿದ ಹಾಗೆ ಒಳಗೆ ಹೋಗಿರುತ್ತಿತ್ತು. ಮಧ್ಯಾಹ್ನ ಅರ್ಧ ಮುದ್ದೆ ನುಂಗಿದರೆ ಸಾಕು, ಉಬ್ಬಲು ಶುರುವಾಗಿ ದೀಪ ಹಚ್ಚುವ ಹೊತ್ತಿಗೆ ತುಂಬು ಬಸುರಿಯ ಹೊಟ್ಟೆಯಂತೆ ಬಿಗಿದುಕೊಳ್ಳುತ್ತಿತ್ತು. ಒಳಗೆ ಗುಡುಗುಡು ಸದ್ದು, ಆಮೇಲೆ ಭೇದಿ. ಬಂಗಾರಪೇಟೆಯಲ್ಲಿ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತಿದ್ದೆ. ಊರ ಹೆಂಗಸರ ಅಳತೆ ತೆಗೆಯುವ ಟೇಪನ್ನೇ ನನ್ನ ನಡುವಿಗೂ ಸುತ್ತಿ ನೋಡಿಕೊಳ್ಳುತ್ತಿದ್ದೆ. ಎಂಬತ್ತರ ದಶಕದ ಮಾತು. ನನಗಾಗ ಮೂವತ್ತು ದಾಟಿತ್ತು. ಮದುವೆಯಾಗಿರಲಿಲ್ಲ.

ಮದುವೆಯಾಗದಿರಲು ಕಾರಣವೂ ಹೊಟ್ಟೆಯೇ. ಇನ್ನೂ ಹುಡುಗಿಯಾಗಿದ್ದಾಗ ಕರುಳಿಗೆ ಕ್ಷಯ ಬಂದು, ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಬದುಕಿಸಿದ್ದರು. ಹೊಕ್ಕುಳಿನ ಪಕ್ಕ ಒಂದು ಉದ್ದನೆಯ ಗಾಯದ ಗುರುತು ಉಳಿಯಿತು. ಹೆಣ್ಣು ನೋಡಲು ಬಂದವರಿಗೆ ಯಾರಾದರೂ ಆ ವಿಷಯ ಹೇಳಿಬಿಡುತ್ತಿದ್ದರು. ಅವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಕೊನೆಗೆ ಅಪ್ಪ ಹುಡುಕುವುದನ್ನು ಬಿಟ್ಟರು, ಅವರು ತೀರಿಹೋದ ಮೇಲೆ ಅಣ್ಣನೂ ಆ ಮಾತು ಎತ್ತಲಿಲ್ಲ. ಹೊಲಿಗೆ ಕಲಿತೆ. ಒಳ್ಳೆಯ ಕೈ ಎಂದು ಹೆಸರೂ ಬಂತು. ಅಷ್ಟು ವರ್ಷ ತೆಪ್ಪಗಿದ್ದ ಹೊಟ್ಟೆ ಆಮೇಲೆ ಹೀಗೆ ಉಬ್ಬಲು ಶುರುವಾಯಿತು.

ನೋವಿಗಿಂತ ಕಷ್ಟವಾದದ್ದು ಜನರ ಕಣ್ಣು. ಸಂಜೆಯ ಹೊತ್ತು ರವಿಕೆ ಕೊಡಲು ಬಂದವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ಅವರ ನೋಟ ಕೆಳಗಿಳಿಯುತ್ತಿತ್ತು. ಒಂದು ದಿನ ನಾನು ಅಡುಗೆಮನೆಯಲ್ಲಿ ಕೂತಿದ್ದಾಗ ಅತ್ತಿಗೆ ಬಾಗಿಲು ಮುಂದೆ ಮಾಡಿಕೊಂಡು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ನನ್ ತಾವ ಮುಚ್ಚಿಡಬ್ಯಾಡ ಕಣಮ್ಮಾ. ಯಾರವನು?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. "ಯಾರೂ ಇಲ್ಲ ಅತ್ತಿಗೆ. ಇದು ಗಾಳಿ. ಬೆಳಿಗ್ಗೆ ನೋಡು, ಇರಾಕಿಲ್ಲ" ಎಂದೆ.

"ಗಾಳಿ ಇಂಗೆ ಬತ್ತದಾ?" ಎಂದು ಅವಳು ಎದ್ದು ಹೋದಳು. ಮಾರನೆಯ ಬೆಳಿಗ್ಗೆ ಅವಳಾಗಿ ಬಂದು ನೋಡಲಿಲ್ಲ, ನಾನೂ ಕರೆದು ತೋರಿಸಲಿಲ್ಲ.

ಅಂದಿನಿಂದ ನಾನು ಎಲ್ಲರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ. ತಟ್ಟೆಗೆ ಹಾಕಿಕೊಂಡು ಬಂದು ಹೊಲಿಗೆ ಯಂತ್ರದ ಪಕ್ಕ ಕೂತು ತಿನ್ನುತ್ತಿದ್ದೆ. ಅವರೆಕಾಳು ಬಿಟ್ಟೆ, ಹಾಲು ಬಿಟ್ಟೆ, ರಾತ್ರಿಯ ಊಟವನ್ನೇ ಬಿಟ್ಟೆ. ಮದುವೆ, ಗೃಹಪ್ರವೇಶ ಅಂದರೆ ಹೊಲಿಗೆ ಬಾಕಿ ಇದೆ ಎನ್ನುತ್ತಿದ್ದೆ. ಮನೆಯವರೆಲ್ಲ ಹೊರಟುಹೋದ ಮೇಲೆ ಬೀದಿ ಕೊನೆಯ ಮೈಕಿನ ಹಾಡು ಕೇಳಿಸಿಕೊಳ್ಳುತ್ತಾ ಇನ್ಯಾರದೋ ಮದುವೆಗೆ ಉಟ್ಟುಕೊಳ್ಳುವ ಸೀರೆಗೆ ಫಾಲ್ಸ್ ಹಚ್ಚುತ್ತಾ ಕೂತಿರುತ್ತಿದ್ದೆ.

ಡಾಕ್ಟರುಗಳನ್ನು ನೋಡಲಿಲ್ಲ ಎಂದಲ್ಲ. ಒಬ್ಬರು ಗ್ಯಾಸ್ ಎಂದು ಗುಲಾಬಿ ಬಣ್ಣದ ಔಷಧಿ ಕೊಟ್ಟರು, ಇನ್ನೊಬ್ಬರು ಜಂತುಹುಳು ಎಂದು ಮಾತ್ರೆ ಕೊಟ್ಟರು. ಪಕ್ಕದ ಹಳ್ಳಿಯವಳೊಬ್ಬಳು ದೃಷ್ಟಿ ತೆಗೆದಳು. ಯಾವುದರಿಂದಲೂ ಏನೂ ಆಗಲಿಲ್ಲ. ಆಗ ರವಿಕೆ ಹೊಲಿಸಲು ಬರುತ್ತಿದ್ದ ಗಣಿ ಕಾರ್ಮಿಕರ ಮನೆಯ ಹೆಂಗಸೊಬ್ಬಳು ಆಂಡರ್ಸನ್‌ಪೇಟೆಯ ತಾತನ ವಿಷಯ ಹೇಳಿದಳು. ಗಣಿಯ ಎಲೆಕ್ಟ್ರಿಕ್ ವಿಭಾಗದಲ್ಲಿ ದುಡಿದು ರಿಟೈರ್ ಆದವನಂತೆ. ಮನೆಯಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡಿದ್ದಾನಂತೆ. ಅದರ ಕರೆಂಟು ಮೈಯೊಳಗೆ ಹೋಗಿ ಹೊಟ್ಟೆಯ ಕ್ರಿಮಿಗಳನ್ನು ಕೊಲ್ಲುತ್ತದಂತೆ.

ದಾರ ತರಬೇಕೆಂದು ಅಣ್ಣನಿಗೆ ಹೇಳಿ ಬೆಳಗಿನ ರೈಲು ಹತ್ತಿದೆ. ಮಾರಿಕುಪ್ಪಂನಲ್ಲಿ ಇಳಿದು, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬಗಳ ಕಡೆಯಿಂದ ಬೀಸುವ ಬೂದುಬಣ್ಣದ ಧೂಳಿಗೆ ಸೆರಗು ಅಡ್ಡ ಹಿಡಿದು, ಕೇಳಿಕೊಂಡು ಹೋದೆ. ಹೆಂಚಿನ ಸಣ್ಣ ಮನೆ. ತಾತ ಕುಳ್ಳಗೆ, ದಪ್ಪ ಕನ್ನಡಕ ಹಾಕಿಕೊಂಡಿದ್ದ. ತಮಿಳಿನವನು, ಕನ್ನಡವನ್ನು ತಮಿಳಿನ ಎಳೆತದಲ್ಲಿ ಆಡುತ್ತಿದ್ದ. ಮನೆಯಲ್ಲಿ ಅವನೊಬ್ಬನೇ. ಗೋಡೆಯ ಮೇಲೆ ಹೆಂಡತಿಯ ಫೋಟೋ, ಕೆಳಗೆ ಮೇಜಿನ ಮೇಲೆ ಆ ಪೆಟ್ಟಿಗೆ.

ರೇಡಿಯೋದಷ್ಟು ದೊಡ್ಡ ಮರದ ಪೆಟ್ಟಿಗೆ ಅದು. ಮುಂದೆ ಒಂದು ತಿರುಗುವ ಮುಳ್ಳು, ಎರಡು ಸಣ್ಣ ಬಲ್ಬು, ಹಿಂದಿನಿಂದ ಹೊರಟ ಎರಡು ವೈರಿನ ತುದಿಗೆ ಹಿತ್ತಾಳೆಯ ಕೊಳವೆ. ಒದ್ದೆ ಬಟ್ಟೆ ಸುತ್ತಿದ ಆ ಕೊಳವೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳಬೇಕು. ತಾತ ಮುಳ್ಳು ತಿರುಗಿಸಿದಂತೆ ಪೆಟ್ಟಿಗೆ ಜೀರುಂಡೆಯ ಹಾಗೆ ಕೂಗುತ್ತಿತ್ತು. ಅಂಗೈಯಲ್ಲಿ ಇರುವೆ ಹರಿದಂತಾಗಿ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು.

"ಬಯಪಡಬೇಡ ಅಮ್ಮಾ. ಒಂದೊಂದು ಕ್ರಿಮಿಗೂ ಅದರದೇ ಫ್ರೀಕ್ವೆನ್ಸಿ ಇರ್ತದೆ. ರೇಡಿಯೋ ಸ್ಟೇಷನ್ ಮಾದ್ರಿ. ಅದೇ ಜಾಗಕ್ಕೆ ಮುಳ್ಳು ಇಟ್ರೆ, ಅದು ತಾನೇ ನಡುಗಿ ನಡುಗಿ ಒಡೆದುಹೋಗ್ತದೆ. ನಿನಗೇನೂ ಆಗಲ್ಲ."

"ನನ್ ಕ್ರಿಮಿದು ಯಾವ್ ಸ್ಟೇಷನ್ನು ತಾತಾ?"

"ಅದನ್ನೇ ಹುಡುಕ್ತಾ ಇದೀನಿ. ಸಿಕ್ಕತ್ತೆ."

ಅವನು ಹುಡುಗಾಟಕ್ಕೆ ಹೇಳುತ್ತಿರಲಿಲ್ಲ. ಹೆಂಡತಿ ವರ್ಷಗಟ್ಟಲೆ ಹೊಟ್ಟೆಯ ಕಾಯಿಲೆಯಿಂದ ನರಳಿ, ಕಡ್ಡಿಯಾಗಿ, ಇದೇ ಮನೆಯಲ್ಲಿ ತೀರಿಹೋಗಿದ್ದಳು. ಅವಳು ಹೋದ ಮೇಲೆ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇಂಥ ಯಂತ್ರದ ಬಗ್ಗೆ ಓದಿ ತಾನೇ ಕಟ್ಟಿದ್ದನಂತೆ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಬಂದವರು ಫೋಟೋಗೆ ಒಂದಿಷ್ಟು ಹೂವು ತಂದರೆ ಸಾಕೆನ್ನುತ್ತಿದ್ದ. ನಾನು ಬಂಗಾರಪೇಟೆಯಿಂದ ಕನಕಾಂಬರ ಒಯ್ಯುತ್ತಿದ್ದೆ.

ವಾರಕ್ಕೊಮ್ಮೆ ಹೋಗುವುದು ರೂಢಿಯಾಯಿತು. ಒಂದೆರಡು ಸಲ ಹಿಂತಿರುಗುವಾಗ ಹೊಟ್ಟೆ ಹಗುರವಾದಂತೆಯೂ ಅನ್ನಿಸಿತು. ರೈಲಿನ ಕಿಟಕಿಯ ಪಕ್ಕ ಕೂತು, ಇವತ್ತು ಸ್ಟೇಷನ್ ಸಿಕ್ಕಿರಬೇಕು ಎಂದುಕೊಳ್ಳುತ್ತಿದ್ದೆ. ಸಂಜೆ ಲಂಗದ ಲಾಡಿ ಮತ್ತೆ ಬಿಗಿಯುತ್ತಿತ್ತು.

ಒಮ್ಮೆ ಕೊಳವೆ ಹಿಡಿದು ಕೂತಿದ್ದಾಗ ನೆಲ ದಡಾರನೆ ಅಲುಗಿತು. ಶೆಲ್ಫಿನ ಪಾತ್ರೆಗಳು ಗಲಗಲ ಎಂದವು, ಸೂರಿನಿಂದ ಮಣ್ಣು ಉದುರಿತು. ನಾನು ಕಿರುಚಿ ಕೊಳವೆ ಬಿಟ್ಟೆ. ನನ್ನ ಕರುಳೇ ಸಿಡಿಯಿತೇನೋ ಎಂದು ಹೊಟ್ಟೆ ಹಿಡಿದುಕೊಂಡೆ. ತಾತ ನಕ್ಕ.

"ನಿಂದಲ್ಲಮ್ಮಾ ಅದು. ಗಣಿ ಒಳಗೆ ಬಂಡೆ ಸಿಡೀತು. ನೀನು ಬಂಗಾರಪೇಟೆಯವಳು, ನಿಂಗೆ ಅಭ್ಯಾಸ ಇಲ್ಲ."

ನಾನೂ ನಕ್ಕೆ. ಆಮೇಲೆ ಅವನು ಎದ್ದು ಹೊರಗೆ ಹೋಗಿ ನಿಂತ. ಬೀದಿಯ ಎಲ್ಲ ಮನೆಗಳಿಂದಲೂ ಹೆಂಗಸರು ಹೊರಗೆ ಬಂದು ಗಣಿಯ ಕಡೆ ನೋಡುತ್ತಾ ನಿಂತಿದ್ದರು. ಅವರ ಮನೆಯ ಗಂಡಸರು ಗಣಿಯೊಳಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬೊಬ್ಬರಾಗಿ ಒಳಗೆ ಹೋದರು. ಒಳಗೆ ಬಂದ ತಾತನ ಮುಖದಲ್ಲಿ ನಗು ಉಳಿದಿರಲಿಲ್ಲ.

ಇನ್ನೊಂದು ದಿನ ನಾನು ಹೋದಾಗ ಕರೆಂಟೇ ಇರಲಿಲ್ಲ. "ಕೂತ್ಕೋ ಅಮ್ಮಾ, ಬರ್ತದೆ" ಎಂದ. ಬರಲಿಲ್ಲ. ಮಧ್ಯಾಹ್ನ ಅವನು ಅನ್ನ ರಸಂ ಮಾಡಿ ಎರಡು ತಟ್ಟೆಗೆ ಹಾಕಿದ. ಬೇಡವೆಂದರೂ ಕೇಳಲಿಲ್ಲ. ಇನ್ನೊಬ್ಬರ ಎದುರು ಕೂತು ಉಂಡು ಎಷ್ಟು ಕಾಲವಾಗಿತ್ತೋ. ಅವನು ನನ್ನ ಹೊಟ್ಟೆಯನ್ನು ನೋಡುತ್ತಿರಲಿಲ್ಲ, ತಟ್ಟೆಯಲ್ಲಿ ರಸಂ ಮುಗಿದಿದೆಯೇ ಎಂದು ನೋಡುತ್ತಿದ್ದ. ಹೆಂಡತಿಗೆ ಮೆಣಸು ಹೆಚ್ಚಿದ್ದರೆ ಇಷ್ಟವಾಗುತ್ತಿತ್ತು ಎಂದ. ಪೆಟ್ಟಿಗೆ ಮುಟ್ಟದೆಯೇ ಸಂಜೆಯ ಗಾಡಿಗೆ ಹಿಂತಿರುಗಿದೆ. ನಾನು ಪ್ರತಿ ವಾರ ಬರುತ್ತಿದ್ದುದು ಪೆಟ್ಟಿಗೆಗಾಗಿ ಮಾತ್ರ ಅಲ್ಲ ಎಂದು ಅವತ್ತು ಗೊತ್ತಾಯಿತು. ಗೊತ್ತಾಗಿ ಸಂತೋಷವೇನೂ ಆಗಲಿಲ್ಲ. ಒಂದು ಊಟದ ಜೊತೆಗಾಗಿ ರೈಲು ಹತ್ತಬೇಕಾದ ಬದುಕಾಯಿತಲ್ಲ ಎನಿಸಿತು.

ಆ ಹೊತ್ತಿಗೆ ನಾನು ತುಂಬ ಇಳಿದುಹೋಗಿದ್ದೆ. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಪಾದಗಳಿಗೆ ಜೋಮು ಹಿಡಿದು, ಹೊಲಿಗೆ ಯಂತ್ರದ ಪೆಡಲ್ ಮೇಲೆ ಕಾಲಿಟ್ಟರೆ ಇಟ್ಟಿದ್ದೇ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನೀರಿನ ತೊಟ್ಟಿಯ ಹತ್ತಿರ ಕಣ್ಣು ಕತ್ತಲೆಯಾಗಿ ಬಿದ್ದೆ. ಎಚ್ಚರವಾದಾಗ ಅತ್ತಿಗೆಯ ತೊಡೆಯ ಮೇಲೆ ತಲೆ ಇತ್ತು. ಒದ್ದೆಯಾದ ಸೀರೆ ಸರಿಪಡಿಸುವಾಗ ಅವಳು ನನ್ನ ಹೊಟ್ಟೆ ನೋಡಿದ್ದಳು. ಬೆಳಗಿನ ಹೊಟ್ಟೆ, ಒಳಗೆ ಹೋಗಿದ್ದು, ಗಾಯದ ಗುರುತು ಮಾತ್ರ ಎದ್ದು ಕಾಣುವಂಥದ್ದು.

"ಅಯ್ಯೋ ನನ್ನವ್ವಾ, ಏನೂ ಇಲ್ವಲ್ಲೇ ಇಲ್ಲಿ" ಎಂದು ಅವಳು ಅತ್ತಳು.

ಅವಳೇ ನನ್ನನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಡಾಕ್ಟರಮ್ಮ ಮೊದಲು ಕೇಳಿದ್ದೇ ಆ ಗಾಯದ ಬಗ್ಗೆ. ಸುಣ್ಣದ ನೀರಿನಂಥ ಬಿಳಿ ಔಷಧಿ ಕುಡಿಸಿ ಎಕ್ಸ್‌ರೇ ತೆಗೆಸಿದರು. ನಾನು ಹೊಲಿಗೆಯವಳೆಂದು ತಿಳಿದ ಮೇಲೆ ಹೀಗೆ ಹೇಳಿದರು: "ನಿಮ್ಮ ಕರುಳನ್ನ ಜೋಡಿಸಿದ ಕಡೆ ಒಂದು ಜೇಬಿನಂಥ ಭಾಗ ಉಳಿದುಬಿಟ್ಟಿದೆ. ಉಂಡದ್ದು ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತೆ. ನಿಂತ ಕಡೆ ಕ್ರಿಮಿ ಬೆಳೆಯುತ್ತವೆ. ನೀವು ತಿಂದದ್ದನ್ನ ಅವೇ ತಿಂತಾವೆ. ಗಾಳಿ ಅವುಗಳದ್ದು. ಕಾಲಿನ ಜೋಮಿಗೂ ಅವೇ ಕಾರಣ, ನರಕ್ಕೆ ಬೇಕಾದ ಸತ್ವ ನಿಮಗೆ ಸಿಗ್ತಾ ಇಲ್ಲ."

ಕ್ಯಾಪ್ಸೂಲ್ ಕೊಟ್ಟರು, ಕೆಂಪು ಬಣ್ಣದ ಇಂಜೆಕ್ಷನ್ ಕೊಟ್ಟರು. ಮತ್ತೆ ಆಪರೇಷನ್ ಮಾಡಬಹುದು, ಆದರೆ ಈ ಮೈಗೆ ಈಗ ಬೇಡ ಎಂದರು. ಒಂದು ವಾರ ಕಳೆಯುವುದರೊಳಗೆ ಹೊಟ್ಟೆ ಇಳಿಯಿತು. ಸಂಜೆಯಾದರೂ ಇಳಿದೇ ಇತ್ತು. ಅತ್ತಿಗೆ ದಿನವೂ ಮೃದುವಾಗಿ ಅನ್ನ ಬೇಯಿಸಿ ಕೊಡುತ್ತಿದ್ದಳು. ಅಡುಗೆಮನೆಯಲ್ಲಿ ನನ್ನನ್ನು ಕೇಳಿದ ಆ ಪ್ರಶ್ನೆಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಅದು ನಮ್ಮಿಬ್ಬರ ನಡುವೆ ಹಾಗೇ ಉಳಿಯಿತು.

ನಡೆಯುವಷ್ಟು ಶಕ್ತಿ ಬಂದ ಮೇಲೆ ಆಂಡರ್ಸನ್‌ಪೇಟೆಗೆ ಹೋದೆ. ತಾತನಿಗೆ ಎಲ್ಲವನ್ನೂ ಹೇಳಿದೆ. ಅವನು ಸಿಟ್ಟಾಗುತ್ತಾನೆ, ಇಲ್ಲವೇ ಗುಣವಾದದ್ದು ತನ್ನ ಪೆಟ್ಟಿಗೆಯಿಂದ ಎನ್ನುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಾ ಕೂತ.

"ಬರೀ ಕ್ಯಾಪ್ಸೂಲಾ ಅಮ್ಮಾ?"

"ಊಂ ತಾತಾ. ಸೂಜಿನೂ ಆಕಿದ್ರು."

"ಅವಳಿಗೂ ಇದೇ ಇತ್ತಾ? ಅವಳಿಗೂ ಸಂಜೆ ಆದ್ರೆ ಉಬ್ತಿತ್ತು. ಕಾಲು ಮರಗಟ್ತದೆ ಅಂತಿದ್ಲು." ಫೋಟೋದ ಕಡೆ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. "ಅವಳಿಗೂ ಆಪರೇಷನ್ ಆಗಿತ್ತು, ಮದುವೆಗೆ ಮೊದಲು."

ಇರಲಿಕ್ಕಿಲ್ಲ ತಾತ, ಅದು ಬೇರೆ ಕಾಯಿಲೆ ಇರಬೇಕು ಎಂದು ಹೇಳಬಹುದಿತ್ತು. ನನಗೇನು ಗೊತ್ತು? ಹೂವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಫೋಟೋಗೆ ಹಾಕುವುದನ್ನೂ ಮರೆತು ಹಿಡಿದುಕೊಂಡೇ ಇದ್ದ. ಹೊರಡುವಾಗ ಬಾಗಿಲವರೆಗೆ ಬಂದು, "ಇನ್ನು ನೀನು ಬರಬೇಡ ಅಮ್ಮಾ. ಚೆನ್ನಾಗಿರೋರಿಗೆ ಇಲ್ಲೇನು ಕೆಲಸ?" ಎಂದ. ಕೋಪದಲ್ಲಿ ಹೇಳಿದ ಮಾತಲ್ಲ.

"ಊವ ಕೊಡಕ್ಕೆ ಬತ್ತೀನಿ ತಾತಾ" ಎಂದೆ.

ಒಂದೆರಡು ಸಲ ಹೋದೆ. ಅವನು ಕೂರು ಎನ್ನುತ್ತಿದ್ದ. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿತ್ತು. ಬೇರೆ ರೋಗಿಗಳು ಬಂದರೂ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಕಳಿಸಿಬಿಡುತ್ತಿದ್ದಾನೆಂದು ಪಕ್ಕದ ಮನೆಯಾಕೆ ಹೇಳಿದಳು. ದಸರಾ ಕಳೆದು ಹೋದಾಗ ಬಾಗಿಲಿಗೆ ಬೀಗ ಇತ್ತು.

"ಒಸೂರಿಂದ ಮಗ ಬಂದು ಕರ್ಕೊಂಡೋದ. ಆ ಡಬ್ಬಾನ ಬಿಚ್ಚಿ ಬಿಚ್ಚಿ ರೇಡಿಯೋ ರಿಪೇರಿಯವನಿಗೆ ಕೊಟ್ಬಿಟ್ಟ" ಎಂದಳು ಪಕ್ಕದಾಕೆ. ಹೂವನ್ನು ಅವಳ ಮಕ್ಕಳಿಗೆ ಮುಡಿಯಲು ಕೊಟ್ಟು ಬಂದೆ.

ಕಾಯಿಲೆ ಪೂರ್ತಿ ಹೋಗಲಿಲ್ಲ. ಹೋಗುವುದಿಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಒಂದೊಂದು ವರ್ಷ ಬಿಟ್ಟು ಮತ್ತೆ ಉಬ್ಬುತ್ತದೆ, ಕೋಲಾರಕ್ಕೆ ಹೋಗುತ್ತೇನೆ, ಕ್ಯಾಪ್ಸೂಲ್ ನುಂಗುತ್ತೇನೆ, ಇಳಿಯುತ್ತದೆ. ಅಣ್ಣನ ಮಕ್ಕಳು ದೊಡ್ಡವರಾಗಿ ಮನೆ ಇಕ್ಕಟ್ಟಾದಾಗ ನಾನು ಸ್ಟೇಷನ್ನಿನ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಅತ್ತಿಗೆ ಹೋಗು ಎನ್ನಲೂ ಇಲ್ಲ, ಇರು ಎಂದು ತಡೆಯಲೂ ಇಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಹೋಗುತ್ತೇನೆ. ಎಲ್ಲರ ಜೊತೆ ಸಾಲಿನಲ್ಲಿ ಎಲೆ ಹಾಕಿಸಿಕೊಂಡು ಕೂರುತ್ತೇನೆ. ಆದರೆ ಎರಡನೆಯ ಸಲ ಬಡಿಸಲು ಬಂದಾಗ ಕೈ ತಾನಾಗಿ ಎಲೆಯ ಮೇಲೆ ಅಡ್ಡ ಬರುತ್ತದೆ. ಹಸಿವಿದ್ದರೂ ಬರುತ್ತದೆ.