ಗಂಗಮ್ಮನವರ ಕೆನ್ನೆಯ ನೆರಳು

ಅಜ್ಜಂಪುರ ತಾಲ್ಲೂಕು ಕೇಂದ್ರವಾದ ಹೊಸದರಲ್ಲಿ ನಾನು ಸ್ಟೇಷನ್ ರಸ್ತೆಯಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದೆ. ಮದುವೆಯ ಆಲ್ಬಂ, ಪಾಸ್‌ಪೋರ್ಟ್ ಸೈಜು ಇದ್ದೇ ಇರುತ್ತಿದ್ದವು. ಮುಹೂರ್ತ ನೋಡದೆ ಬರುತ್ತಿದ್ದ ಕೆಲಸವೆಂದರೆ ತೀರಿಕೊಂಡವರ ಫೋಟೊ. ಮೊಬೈಲಿನ ಯಾವುದೋ ಚಿತ್ರ ತಂದು ದೊಡ್ಡದು ಮಾಡಿಕೊಡಿ ಎನ್ನುವರು. ಕಂಪ್ಯೂಟರಿನಲ್ಲಿ ‘ಡಾಜ್’ ಎಂಬ ಸಾಧನವಿದೆ. ಅದನ್ನು ಆಡಿಸಿದ ಕಡೆ ಬೆಳಕು ಏರುತ್ತದೆ. ‘ಬರ್ನ್’ ಆಡಿಸಿದ ಕಡೆ ನೆರಳು ಕವಿಯುತ್ತದೆ. ನಮ್ಮ ಕಡೆ ಎರಡನೆಯದಕ್ಕೆ ಗಿರಾಕಿಯೇ ಇರಲಿಲ್ಲ. ಸತ್ತವರನ್ನು ಬೆಳ್ಳಗೆ ಮಾಡಿಕೊಡುವುದೇ ಅವರಿಗೆ ತೋರುವ ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು, ನಾನೂ ಸೇರಿ.

ಬೀಜ-ಗೊಬ್ಬರದ ಅಂಗಡಿಯ ರುದ್ರೇಶ ತನ್ನ ತಾಯಿ ಗಂಗಮ್ಮನವರ ಫೋಟೊ ತಂದ. ಬಾಗಿಲ ಪಕ್ಕ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿದ್ದಾಗ ಮೊಮ್ಮಗಳು ತೆಗೆದದ್ದು. ಬಿಸಿಲು ಒಂದೇ ಪಕ್ಕದಿಂದ ಬಿದ್ದು ಅರ್ಧ ಮುಖ ನೆರಳಿನಲ್ಲಿತ್ತು.

“ಅವ್ವ ಕರ್ರಗೆ ಕಾಣ್ತಾಳೆ ಕಣ್ರೀ. ಚೆನ್ನಾಗಿ ಬೆಳಕು ಹಾಕಿ. ನೆಂಟರೆಲ್ಲ ನೋಡೋ ಫೋಟೊ.”

ಹಾಕಿದೆ. ಕೆನ್ನೆಯ ಗುಳಿ ತುಂಬಿಕೊಂಡಿತು, ಹಣೆಯ ಗೆರೆಗಳು ಮಾಸಿದವು, ಹಿಂದೆ ತಿಳಿನೀಲಿ ಪರದೆ ಬಂತು. ರುದ್ರೇಶ ಸಂತೋಷದಿಂದಲೇ ಒಯ್ದ.

ಮಾರನೆಯ ದಿನ ಮುಖ ಸಪ್ಪೆ ಮಾಡಿಕೊಂಡು ಮತ್ತೆ ಬಂದ. ಅವನ ಹೆಗಲು ಹಿಡಿದು ತಂದೆ ಬಸಪ್ಪಯ್ಯನವರೂ ಬಂದಿದ್ದರು. ಅವರನ್ನು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಪಕ್ಕಕ್ಕೆ ಕರೆದ.

“ನಾಳೆ ಅವ್ವನ ಶಿವಗಣಾರಾಧನೆ. ಮೊದಲ ಹೂವು ಅಪ್ಪನೇ ಇಡಬೇಕು. ಫೋಟೊ ಕೈಗೆ ಕೊಟ್ರೆ ‘ಇದ್ಯಾರೋ’ ಅಂತಾರೆ. ಮುದುಕನಿಗೆ ಅರಳುಮರಳು ಅಂತ ನೆಂಟರು ಆಗ್ಲೇ ಶುರು ಹಚ್ಕೊಂಡವರೆ.”

“ಕಿವಿ ನೆಟ್ಟಗೈತೆ ಕಣೋ ನಂಗೆ” ಎಂದರು ಬಸಪ್ಪಯ್ಯ ಕೂತಲ್ಲಿಂದಲೇ. “ಇಷ್ಟು ವರ್ಷ ಸಂಸಾರ ಮಾಡಿ, ಈಗ ಯಾವಳಿಗೋ ಹೂವಿಡು ಅಂತೀಯಲ್ಲ, ಅವಳು ಸುಮ್ನೆ ಬಿಟ್ಟಾಳಾ?”

ಅವರಿಗೆ ಸಕ್ಕರೆ ಕಾಯಿಲೆ, ಕಣ್ಣು ಸ್ವಲ್ಪ ಮಂಜು ಎಂದ ರುದ್ರೇಶ. ಇನ್ನಷ್ಟು ಬೆಳಕು ಹಾಕಿ ತೋರಿಸಿದೆ.

“ಸುಣ್ಣ ಹೊಡೆದ ಗೋಡೆ ಇದ್ದಂಗೈತೆ” ಎಂದರು.

ಮೊದಲಿನಿಂದ ಮಾಡೋಣವೆಂದು ಲೇಯರುಗಳನ್ನು ಮರೆಮಾಡಿದೆ. ನಾವು ಸೇರಿಸಿದ ಬೆಳಕೆಲ್ಲ ಮೂಲ ಚಿತ್ರದ ಮೇಲೆ ಪಾರದರ್ಶಕ ಹಾಳೆಯಂತೆ ಕೂತಿರುತ್ತದೆ, ಅದೇ ಲೇಯರು. ಹಾಳೆ ಸರಿದು, ಬಿಸಿಲು ನೆರಳಿನ ಮೂಲ ಮುಖ ಪರದೆಯ ಮೇಲೆ ಬಂತು.

ಬಸಪ್ಪಯ್ಯ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ಇರು, ಇರು. ಈಗ ಬಂದ್ಲು.”

“ಎಲ್ಲಿ ಗುರುತು ಸಿಕ್ತು ಯಜಮಾನ್ರೆ?”

ಪರದೆಯ ಮೇಲೆ ಬೆರಳಿಟ್ಟರು. “ಇಲ್ಲಿ, ಕೆನ್ನೇಲಿ. ಹಲ್ಲು ಕೀಳಿಸ್ದಾಗಿಂದ ಇಷ್ಟಗಲ ಕತ್ಲೆ ಇವಳಿಗೆ. ಎದುರಿಗೆ ಬಂದು ನಿಂತ್ರೆ ಅದೊಂದು ಕಾಣ್ತಿತ್ತು. ಇವಳೇ ಅಂತ ತಿಳ್ಕಂತಿದ್ದೆ.”

ಮೌಸ್ ಬಿಟ್ಟು ಅವರ ಕಡೆ ತಿರುಗಿದೆ. “ನಿಮ್ಮ ಮಗನ ಮುಖ ಕಾಣ್ತದಾ?”

ಪರದೆಯಿಂದ ಬೆರಳು ತೆಗೆದರು. “ದನಿ ಕೇಳ್ತದಲ್ಲ, ಸಾಕು.”

“ಯಾಕಪ್ಪಾ ಹೇಳ್ಲಿಲ್ಲ?” ರುದ್ರೇಶ ಕುರ್ಚಿಯ ಪಕ್ಕ ಕುಕ್ಕರಿಸಿದ.

“ಹೇಳಿದ್ರೆ ಅಂಗಡಿ ಬಾಗ್ಲಿಗೂ ಬಿಡ್ತಿರ್ಲಿಲ್ಲ ನೀನು. ಅವಳಿಗೆ ಗೊತ್ತಿತ್ತು. ಎದುರಿಗೆ ಯಾರು ಬಂದ್ರೂ ಹೆಸರು ಹಿಡಿದು ಮಾತಾಡ್ಸೋಳು, ನಂಗೆ ಕೇಳ್ಲಿ ಅಂತ.”

ಆ ಮಧ್ಯಾಹ್ನ ನಾನು ಬರ್ನ್ ಹಿಡಿದು ಕೂತೆ. ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆನ್ನೆ, ಒಂದೊಂದನ್ನೇ ಕಪ್ಪಾಗಿಸುತ್ತಾ ಹೋದೆ. “ಇನ್ನೊಂಚೂರು” ಎನ್ನುತ್ತಿದ್ದರು ಬಸಪ್ಪಯ್ಯ. ಬಿಸಿಲು ಬಿದ್ದ ಪಕ್ಕವನ್ನು ಹಾಗೇ ಬಿಟ್ಟು, ಹಿಂಬದಿಯನ್ನು ಗಾಢ ಮಾಡಿದ ಮೇಲೆ “ಸಾಕು, ನೋಯ್ತದೆ ಅವಳಿಗೆ” ಎಂದರು. ಗಂಗಮ್ಮನವರು ಬದುಕಿದ್ದಾಗ ಇದ್ದುದಕ್ಕಿಂತ ಕಪ್ಪಾಗಿದ್ದರು. ರುದ್ರೇಶ ಹೊಸ ಪ್ರಿಂಟ್ ಸುತ್ತಿಕೊಂಡ.

ಮರುದಿನ ಆರಾಧನೆಗೆ ನಾನೂ ಹೋಗಿದ್ದೆ. ಬಸಪ್ಪಯ್ಯ ಯಾರ ಕೈಯನ್ನೂ ಹಿಡಿಯದೆ ಫೋಟೊದ ಮುಂದೆ ಹೋಗಿ ಹೂವಿಟ್ಟರು. ನೆಂಟರಲ್ಲೊಬ್ಬರು, “ಗಂಗಮ್ಮ ಇಷ್ಟು ಕಪ್ಪಿದ್ಲಾ?” ಎಂದು ಗೊಣಗಿದರು.

“ಕಾಣದಿದ್ರೆ ಲೈಟ್ ಹಾಕ್ಕಳ್ರೀ” ಎಂದರು ಬಸಪ್ಪಯ್ಯ, ತಿರುಗಿಯೂ ನೋಡದೆ.

ಆಮೇಲೆ ರುದ್ರೇಶ ಅವರನ್ನು ಶಿವಮೊಗ್ಗದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಹೋದ ದೃಷ್ಟಿ ಬರಲಿಲ್ಲ; ಉಳಿದದ್ದು ಉಳಿಯಿತು.

ಈಗಲೂ ತೀರಿಕೊಂಡವರ ಚಿತ್ರ ಹಿಡಿದು, ಹೇಗೆ ಮಾಡಬೇಕೆಂದು ಹೇಳಲು ಯಾರಾದರೂ ಬರುತ್ತಾರೆ. ಮೌಸ್ ಮುಟ್ಟುವ ಮೊದಲು ಕೇಳುತ್ತೇನೆ: ಮನೆಯಲ್ಲಿ ಇದನ್ನು ದಿನಾ ನೋಡುವವರು ಯಾರು? ಅವರನ್ನು ಕರೆದುಕೊಂಡು ಬನ್ನಿ.