ಎದೆಗೆ ಬಂದ ಚೆಂಡು

ಕೇದಾರಿಯನ್ನು ಮೊದಲು ಕಂಡ ದಿನ ಮುರಿಗೆಪ್ಪನಿಗೆ ಚೆನ್ನಾಗಿ ನೆನಪಿತ್ತು. ೧೯೨೯ನೇ ಇಸವಿ, ಹೋಳಿಹುಣ್ಣಿಮೆ ಕಳೆದ ವಾರ. ನಾಗನೂರಿನಿಂದ ಹತ್ತಿಯ ಅಂಡಿಗೆ ಹೇರಿಕೊಂಡು ಬಂದವನು ಗೋಕಾಕದ ಗಿರಣಿಯ ಹೊರಗೆ ಗಾಡಿ ಬಿಟ್ಟು ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಬಯಲಿನ ಆಚೆ ಗಿರಣಿಯ ತಂಡ ಫುಟ್‌ಬಾಲ್ ಆಡುತ್ತಿತ್ತು. ಪಟ್ಟಾಪಟ್ಟಿ ಬನಿಯನ್ನಿನ, ಹುರಿಮೀಸೆಯ ಗಂಡಸೊಬ್ಬ ಚೆಂಡು ಒದೆಯುತ್ತ ನೇರ ಎತ್ತುಗಳ ಕಡೆಗೇ ನುಗ್ಗಿದ. ಮುರಿಗೆಪ್ಪ ಬಕೀಟು ಕೆಳಗಿಟ್ಟು ಅಡ್ಡ ನಿಂತ. ಬಂದವನು ಡಿಕ್ಕಿ ಹೊಡೆದು ಮಣ್ಣಿಗೆ ಬಿದ್ದ. ಚೆಂಡು ಮುರಿಗೆಪ್ಪನ ಕಾಲ ಬಳಿಯೇ ಉಳಿಯಿತು.

ಬಿದ್ದವನೇ ತಂಡದ ಕ್ಯಾಪ್ಟನ್ ಕೇದಾರಿ. ಧೂಳು ಝಾಡಿಸುತ್ತ, ಆಟ ಎಲ್ಲಿ ಕಲಿತೆ ಎಂದು ಕೇಳಿದ.

“ಆಟ ಬರೂದಿಲ್ರಿ. ಎತ್ತಿಗಿ ಬಡಿತೈತಂತ ನಿಂತೆ.”

“ಹಂಗ ನಿಂತ್ರ ಸಾಕು.”

ಮುಂದಿನ ವಾರವೇ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಕರಾರು ಒಂದೇ: ತಂಡದ ಹನ್ನೊಂದು ಮಂದಿಯಲ್ಲಿ ಹೆಸರಿರುವ ತನಕ ಕೆಲಸ.

ಹನ್ನೊಂದು ವರ್ಷ ಅವನು ಗೋಲಿನ ಮುಂದೆ ಬ್ಯಾಕ್ ಆಗಿ ನಿಂತ. ಒಂದು ಗೋಲೂ ಹೊಡೆಯಲಿಲ್ಲ. ಜನ ಕೂಗಿದ್ದು, ಹಾರ ಹಾಕಿದ್ದು ಮುಂದೆ ಆಡುವ ಹನಮಂತನಿಗೆ. ಅದರ ಬೇಸರ ಮುರಿಗೆಪ್ಪನಿಗಿರಲಿಲ್ಲ. ಆದರೆ ಶುಕ್ರವಾರ ಬಂತೆಂದರೆ ಊಟ ಸೇರುತ್ತಿರಲಿಲ್ಲ. ಗೇಟಿಗೆ ಹೆಸರುಗಳ ಹಾಳೆ ಅಂಟಿಸುವಷ್ಟರಲ್ಲಿ ನಾಲ್ಕು ಸಲ ಹೋಗಿ ಬರುತ್ತಿದ್ದ.

ಅವನ ಕೊರಳಿನ ಇಷ್ಟಲಿಂಗ ವಸ್ತ್ರದಲ್ಲಿ ಸುತ್ತಿ ಎದೆಯ ಮೇಲಿರುತ್ತಿತ್ತು. ಹುಟ್ಟಿದಾಗ ಕಟ್ಟಿದ್ದು, ಒಂದು ಗಳಿಗೆಯೂ ಮೈ ಬಿಟ್ಟಿರಲಿಲ್ಲ. ಆಡುವಾಗ ತೆಗೆದಿಡು ಎಂದು ಕೇದಾರಿ ಒಮ್ಮೆ ಹೇಳಿ, ಮುರಿಗೆಪ್ಪನ ಮುಖ ನೋಡಿದ ಮೇಲೆ ಮತ್ತೆ ಆ ಮಾತು ಎತ್ತಿರಲಿಲ್ಲ. ಎದೆಯೆತ್ತರಕ್ಕೆ ಚೆಂಡು ಬಂದರೆ ಮುರಿಗೆಪ್ಪ ಅಂಗೈಯಿಂದ ಲಿಂಗ ಮುಚ್ಚಿ, ಗರಕ್ಕನೆ ತಿರುಗಿ ಬೆನ್ನು ಕೊಡುತ್ತಿದ್ದ. ಹೆಂಡತಿ ಗೌರವ್ವ ಊದಿಕೊಂಡ ಬೆನ್ನಿಗೆ ಉಪ್ಪಿನ ಶಾಖ ಕೊಡುತ್ತ, “ಈ ಬೆನ್ನಿಗಿ ಬ್ಯಾರೆ ಪಗಾರ ಕೊಡ್ತಾರೇನ್ರಿ?” ಎನ್ನುತ್ತಿದ್ದಳು.

೧೯೪೦ರಲ್ಲಿ ಹುಕ್ಕೇರಿಯ ಪಂದ್ಯಾವಳಿಯ ಕೊನೆಯ ಪಂದ್ಯ, ಬೆಳಗಾವಿಯ ಪಲ್ಟನ್ ಸಿಪಾಯಿಗಳ ತಂಡದ ಮೇಲೆ. ಮುಗಿಯಲು ಎರಡು ನಿಮಿಷವಿತ್ತು. ನಾಲ್ಕು ಹೆಜ್ಜೆ ದೂರದಿಂದ ಒದ್ದ ಚೆಂಡು ಎದೆಗೇ ಬಂತು. ತಿರುಗಲು ಸಮಯ ಸಿಗಲಿಲ್ಲ. ಕೈ ಎದ್ದಿತು, ಚೆಂಡು ಕೈಗೆ ಬಡಿಯಿತು. ರೆಫರಿ ಸೀಟಿ ಊದಿದ. ಪೆನಾಲ್ಟಿಯಲ್ಲಿ ಗೋಲಾಗಿ ಗಿರಣಿ ಸೋತಿತು.

ಆ ಕೈ ಇನ್ನೊಮ್ಮೆ ಎದ್ದರೆ ಹೆಸರಿಲ್ಲ ಎಂದು ಗಿರಣಿಯ ಸಾಹೇಬರು ಹೇಳಿಕಳಿಸಿದರು. ಮುರಿಗೆಪ್ಪ ನಾಗನೂರಿಗೆ ನಡೆದು ಮಠದ ಅಯ್ಯನವರನ್ನು ಕೇಳಿದ. ಲಿಂಗವನ್ನು ತೋಳಿಗೆ ಕಟ್ಟಿಕೊಂಡರೂ ನಡೆಯುತ್ತದೆ ಎಂದರು ಅವರು. ಎದೆ ಹಗುರಾಯಿತು. ಗೌರವ್ವ ತಾನೇ ಬಿಗಿಯಾಗಿ ಕಟ್ಟಿಕೊಟ್ಟಳು.

ಗುರುವಾರ ಬಯಲಿನಲ್ಲಿ ಕೇದಾರಿ ಹತ್ತಿರ ನಿಂತು ಎದೆಗೇ ಚೆಂಡು ಒದ್ದ. ಎದೆಯ ಮೇಲೆ ಏನೂ ಇರಲಿಲ್ಲ. ಆದರೂ ಕೈ ಎದ್ದಿತು. ಹತ್ತು ಸಲ ಒದ್ದರೆ ಹತ್ತೂ ಸಲ ಎದ್ದಿತು. ಕೈ ಹಿಂದಕ್ಕೆ ಕಟ್ಟಿ ನಿಲ್ಲಿಸಿರಿ ಎಂದು ಹನಮಂತ ನಕ್ಕ. ಕೇದಾರಿ ನಗಲಿಲ್ಲ, ಒದೆಯುತ್ತಲೇ ಇದ್ದ.

ಶುಕ್ರವಾರ ಕೇದಾರಿ ಹಾಳೆ ಹಿಡಿದು ಕುಳಿತಿದ್ದಾಗ ಮುರಿಗೆಪ್ಪ ಹೋಗಿ ಎದುರು ನಿಂತ.

“ನನ್ನ ಹೆಸರ ಬರೀಬ್ಯಾಡ್ರಿ ಅಣ್ಣಾ.”

“ಸಾಹೇಬ್ರಿಗೆ ನಾ ಏನರೆ ಹೇಳತೇನಿ. ಕೆಲಸಾ ಹೋಗ್ತೈತೋ.”

“ಕೈ ನನ್ನ ಮಾತ ಕೇಳವಲ್ದು. ಮತ್ತ ಎದ್ರ ಉಳಿದ ಹತ್ತ ಮಂದಿನೂ ಸೋಲ್ತಾರ.”

ಕೇದಾರಿ ಬ್ಯಾಕಿನ ಜಾಗಕ್ಕೆ ಬೇರೆ ಹೆಸರು ಬರೆದ.

ಹೆಸರಿನ ಜೊತೆ ಗಿರಣಿಯ ಕೆಲಸವೂ ಹೋಯಿತು. ಈಗ ಮುರಿಗೆಪ್ಪ ಮೂಡಲಗಿಯ ಪೇಟೆಯಲ್ಲಿ ಬೆನ್ನ ಮೇಲೆ ಬೆಲ್ಲದ ಪೆಂಟಿ ಹೊರುವ ಹಮಾಲಿ ಮಾಡುತ್ತಾನೆ.